ಫಿಲ್ಟರ್ ನೀರು ಬಂತಂದ್ರ ನೀರಿನ ಚಿಂತಿ ಮುಗೀತೇನ್ರಿ?

ಹ್ವಾದ ಸಲ ಶಾವಿಗಿ, ಸಂಡಿಗಿ ಬಗ್ಗೆ ಬರದಾಗ ಎಲ್ಲಾರೂ ಚಲೋ ಅಂದ್ರಿ. ಈ ಸಲ ಬರೆಯೋದು ಸ್ವಲ್ಪ ಜಗಳದ ಮಾತು. ಸಿಟ್ಟು ಬಂದ್ರ ಬರಲಿ, ಪೂರ್ತಿ ಓದಿದಮ್ಯಾಲೆ ಸಿಟ್ಟು ಮಾಡ್ರಿ.

ಮೊನ್ನೆ ಬೀಗರ ಮನ್ಯಾಗ ಕುಬಸದ ಕಾರ್ಯ ಇತ್ತು. ಹೋಳಿಗಿ ಊಟ ಆಗಿ ಪಡಸಾಲ್ಯಾಗ ಎಲಿ ಅಡಿಕಿ ಹಾಕ್ಕೊಂತ ಕುಂತಿದ್ವಿ. ಮಾತು ಬಿಸಲಿಗೆ ಬಂತು, ಬಿಸಲಿಂದ ಮಳಿಗೆ ಬಂತು, ಮಳಿಯಿಂದ ನೀರಿಗೆ ಬಂತು. ಆಗ ಒಬ್ಬ ಅಕ್ಕಾ ಹೇಳಿದ್ಲು: “ನಮ್ಮ ಅವ್ವನ ಕಾಲ್ದಾಗ ನೀರಿನ ಚಿಂತಿ. ನಮಗೇನೈತಿ? ಐದು ರೂಪಾಯಿ ಹಾಕಿದ್ರ ಕ್ಯಾನು ತುಂಬತೈತಿ. ಮಳಿ ಬಂದ್ರೂ ಅಷ್ಟ, ಹ್ವಾದ್ರೂ ಅಷ್ಟ.” ಎಲ್ಲಾರೂ ಹೌದೌದು ಅಂದ್ರು. ಮಂದಿ ಮನಿ ಕಾರ್ಯದಾಗ ವಾದ ಮಾಡಬಾರದಂತ ನಾನೂ ಸುಮ್ಮನ ಕುಂತೆ. ಆದ್ರ ಮನಿಗೆ ಬಂದಮ್ಯಾಲೆ ಆ ಮಾತು ಮುಳ್ಳಿನಂಗ ಚುಚ್ಚಾಕ ಹತ್ತಿತು. ಅಲ್ಲಿ ಆಡದ ಮಾತು ಇಲ್ಲಿ ಆಡ್ತೇನಿ.

ನನ್ನ ಮಾತು ಇಷ್ಟ ಐತ್ರಿ. ಫಿಲ್ಟರ್ ನೀರು ನಮ್ಮ ನಾಲಿಗಿಗೆ ಸುಖ ಕೊಟ್ಟೈತಿ, ಸುಳ್ಳಲ್ಲ. ಆದ್ರ ಊರ ನೀರಿನ ಕಡೆ ನಾವು ಹೆಣಮಕ್ಕಳು ನೋಡೋದನ್ನ ಅದು ಬಿಡಿಸಿಬಿಟ್ಟೈತಿ. ಮಳಿ ಹೆಚ್ಚುಕಡಿಮಿ ಆಗೋ ಈ ದಿನಮಾನದಾಗ ನೋಡಬೇಕಾದವರ ನೋಡೋದು ಬಿಟ್ರ ಹೊಡತ ಬೀಳೋದು ನಮ್ಮ ಮಕ್ಕಳಿಗೆ, ಮುದುಕರಿಗೆ. ಕಾಲ ಕೆಟ್ಟೈತಿ ಅಂತ ಹೇಳಿ ಕೈ ತೊಳಕೊಂಡ್ರ ಆಗೂದಿಲ್ಲ.

ಮೊದಲು ಒಂದು ಕೇಳ್ತೇನಿ. ನೀರು ಚಲೋ ಐತೋ ಇಲ್ಲೋ ಅಂತ ನಾವು ಹೆಂಗ ಹೇಳ್ತೇವಿ? ಕೊಡದಾಗ ಬಗ್ಗಿ ನೋಡ್ತೇವಿ, ತಳ ಕಂಡ್ರ ಚಲೋ. ಒಂದು ಗುಟುಕು ಕುಡೀತೇವಿ, ಸಿಹಿ ಇದ್ರ ಚಲೋ, ಸವಳು ಇದ್ರ ಕೆಟ್ಟದ್ದು. ತೊಗರಿಬ್ಯಾಳಿ ಲಗೂನ ಬೆಂದ್ರ ಚಲೋ, ಸಾಬೂನು ನೊರಿ ಬರಲಿಲ್ಲಂದ್ರ ಕೆಟ್ಟದ್ದು. ಅತ್ತಿ ಹೇಳಿಕೊಟ್ಟಿದ್ದು, ಅತ್ತಿಗೆ ಅವರ ಅತ್ತಿ ಹೇಳಿಕೊಟ್ಟಿದ್ದು. ಇದರಾಗ ಬುದ್ಧಿ ಇಲ್ಲಂತಲ್ಲ. ಬ್ಯಾಳಿ ಬೇಯಲಿಲ್ಲಂದ್ರ ನೀರಾಗ ಸುಣ್ಣದ ಅಂಶ ಹೆಚ್ಚೈತಿ ಅಂತ ಅರ್ಥ, ಅದು ಖರೇನ ಐತಿ. ಆದ್ರ ಹೊಟ್ಟಿ ಕೆಡಸೋ ಹುಳ ಕಣ್ಣಿಗೆ ಕಾಣೂದಿಲ್ಲ. ಹಲ್ಲು ಹಳದಿ ಮಾಡಿ ಎಲುಬು ಬಗ್ಗಸೋ ಫ್ಲೋರೈಡಿಗೆ ರುಚಿ ಇಲ್ಲ. ಯೂರಿಯಾ, ತಿಪ್ಪಿ, ಕಕ್ಕಸಿನ ಗುಂಡಿಯಿಂದ ಇಳಿಯೋ ನೈಟ್ರೇಟಿಗೆ ವಾಸನಿ ಇಲ್ಲ. ತಿಳಿಯಾಗಿ, ಸಿಹಿಯಾಗಿ, ಬ್ಯಾಳಿ ಬೇಯಸೋ ನೀರಾಗೂ ಈ ಮೂರೂ ಇರಬಹುದು.

ಇನ್ನೊಂದು ತಮಾಷಿ ನೋಡ್ರಿ. ನಳದ ನೀರಿಗೆ ಬ್ಲೀಚಿಂಗ್ ವಾಸನಿ ಬಂದ ದಿನ ನಾವು ಮೂಗು ಮುರದು ಬಚ್ಚಲಕ್ಕ ಚೆಲ್ತೇವಿ. ವಾಸನಿ ಇಲ್ಲದ ದಿನ ಕುಡಿಯಾಕ ತುಂಬ್ತೇವಿ. ಖರೇ ಹೇಳಬೇಕಂದ್ರ ಸ್ವಲ್ಪ ವಾಸನಿ ಬಂದ ದಿನ ಹುಳ ಸಾಯೋ ಔಷಧ ನಮ್ಮ ನಳದ ತನಕ ಬಂದೈತಿ. ಬರದ ದಿನ ಔಷಧ ಹಾಕ್ಯಾರೋ ಇಲ್ಲೋ ನಮಗ ಗೊತ್ತಿಲ್ಲ. ಅಂಜಬೇಕಾದ ದಿನ ಅಂಜೂದಿಲ್ಲ, ಅಂಜಬಾರದ ದಿನ ಅಂಜ್ತೇವಿ.

ಇದನ್ನ ಪುಸ್ತಕ ಓದಿ ಹೇಳಾಕತ್ತಿಲ್ಲ. ಮೈಮ್ಯಾಲೆ ಬಂದಮ್ಯಾಲೆ ಕಲ್ತೇನಿ.

ಮೂರು ವರ್ಷದ ಹಿಂದ ಮಿರಗದ ಮಳಿ ಹೊತ್ತಿನ್ಯಾಗ ಮಗಳ ಊರಿಗೆ ಹೋಗಿದ್ದೆ. ಮೊಮ್ಮಗಗ ಇನ್ನೂ ಎರಡು ತುಂಬಿದ್ದಿಲ್ಲ. ಅವತ್ತು ಸಂಜಿಕಿ ಗುಡುಗು ಮಿಂಚು ಕೂಡಿ ದೊಡ್ಡ ಮಳಿ ಬಂತು, ಕರೆಂಟ್ ಹೋತು. ಎರಡು ದಿನ ಕರೆಂಟ್ ಇಲ್ಲ, ಫಿಲ್ಟರ್ ನೀರಿನ ಘಟಕ ಬಂದ್. ಮೂರನೇ ದಿನ ನಳದಾಗ ನೀರು ಬಂತು. ಮೊದಲ ಎರಡು ಕೊಡ ಸ್ವಲ್ಪ ಕೆಂಪಗಿತ್ತು, ಚೆಲ್ಲಿದ್ವಿ. ಆಮ್ಯಾಲೆ ತಿಳಿ ಬಂತು, ತುಂಬಿದ್ವಿ. ಮಗಳು “ಕುದಸೂಣೇನವ್ವಾ?” ಅಂತ ಕೇಳಿದ್ಲು. ನಾನು ಕೊಡದಾಗ ಬಗ್ಗಿ ನೋಡಿ, “ತಳ ಕಾಣಾಕತ್ತೈತಿ, ಯಾಕ ಗ್ಯಾಸ್ ಸುಡ್ತಿ?” ಅಂದೆ. ಈ ಬಾಯೀಲೇ ಅಂದೆ.

ಮರುದಿನ ರಾತ್ರಿ ಹುಡುಗಗ ವಾಂತಿ, ಭೇದಿ ಸುರು ಆತು. ಬೆಳಗಾಗೂದರಾಗ ಕಣ್ಣು ಒಳಗ ಹೋಗಿದ್ದವು, ಅತ್ತರ ಕಣ್ಣೀರು ಬರವಲ್ದು. ದವಾಖಾನಿಗೆ ಓಡಿದ್ವಿ. ಎರಡು ದಿನ ಸಲಾಯಿನ್ ಹಚ್ಚಿದ್ರು. ದೇವರ ದಯಾದಿಂದ ಉಳಿದ. ಬಂದುಹೋದವರೆಲ್ಲಾ ಏನಂದ್ರು ಗೊತ್ತೇನ್ರಿ? “ಮಾವಿನಹಣ್ಣು ಬಾಳ ತಿನಿಸೀರಿ.” “ದೃಷ್ಟಿ ಆಗೈತಿ, ಮೆಣಸಿನಕಾಯಿ ಇಳೆತಗೀರಿ.” “ಹಲ್ಲು ಬರೋ ಹೊತ್ನ್ಯಾಗ ಹಂಗ.” ನಾನೂ ಮಾವಿನಹಣ್ಣಿನ ಮ್ಯಾಲೆ ಹಾಕಿ ಸುಮ್ಮನಾಗಿದ್ದೆ. ದವಾಖಾನ್ಯಾಗ ನರ್ಸ್ ಬಾಯಿ ಒಬ್ಬಾಕಿ ಮಾತ್ರ “ಏನು ತಿಂದಾನ” ಅಂತ ಕೇಳೋಕಿಂತ ಮೊದಲು “ಎಲ್ಲೀ ನೀರು ಕುಡದಾನ” ಅಂತ ಕೇಳಿದ್ಲು. ಅದ ಓಣಿಯಿಂದ ಇನ್ನೂ ನಾಕು ಹುಡುಗೂರು ಬಂದಿದ್ವಂತ. ಆ ನಾಕೂ ಮನ್ಯಾಗ ಮಾವಿನಹಣ್ಣು ಇತ್ತೇನ್ರಿ? ಇರಲಿಲ್ಲ. ನಳ ಮಾತ್ರ ಒಂದ ಇತ್ತು.

ಆಮ್ಯಾಲೆ ನನಗ ತಿಳೀತು. ಬೇಸಿಗ್ಯಾಗ ನಾಕು ದಿನಕ್ಕೊಮ್ಮೆ ನೀರು ಬಿಟ್ರ ಉಳದ ದಿನ ಪೈಪು ಖಾಲಿ ಇರತೈತಿ. ಪೈಪಿನಾಗ ಎಲ್ಲೋ ಒಂದು ಸಣ್ಣ ಬಿರುಕು ಇದ್ರ, ಅದರ ಬಾಜೂಕ ಗಟಾರ ಹರೀತಿದ್ರ, ಖಾಲಿ ಪೈಪು ಆ ಹೊಲಸನ್ನ ಒಳಗ ಎಳಕೋತೈತಿ. ಮೊದಲ ಮಳಿ ಬಂದು ಬೇಸಿಗಿಯೆಲ್ಲಾ ಒಣಗಿ ಬಿದ್ದ ಸಗಣಿ, ಹೊಲಸು ಎಲ್ಲಾ ತೊಳದು ಗಟಾರಕ್ಕ ತಂದ್ರಂತೂ ಮುಗೀತು. 2023ರ ಆಗಸ್ಟ್‌ದಾಗ ಚಿತ್ರದುರ್ಗದ ಕವಾಡಿಗರಹಟ್ಟ್ಯಾಗ ಕುಡಿಯೋ ನೀರು ಕೆಟ್ಟು ಮಂದಿ ಸತ್ತಿದ್ದನ್ನ ಟೀವ್ಯಾಗ ನಾವೆಲ್ಲಾ ನೋಡೇವಿ. ಅಯ್ಯೋ ಪಾಪ ಅಂದು ಮುಂದಿನ ಧಾರಾವಾಹಿ ಹಚ್ಚಿದ್ವಿ.

ಈಗ ಮಳಿ ಮಾತಿಗೆ ಬರ್ತೇನಿ. “ಹವಾಮಾನ ಬದಲಾವಣಿ” ಅಂತ ಪೇಪರಿನ್ಯಾಗ ಬಂದ್ರ ಅದು ಗಂಡಸರ ಮಾತು, ಹೊಲದ ಮಾತು ಅಂತ ನಾವು ಪುಟ ತಿರುವ್ತೇವಿ. ಗೋವಿನಜೋಳ ಹೋತು, ಬ್ಯಾಡಗಿ ಮೆಣಸಿನಕಾಯಿಗೆ ರೋಗ ಬಂತು, ಹತ್ತಿ ಕೊಳೀತು, ವಿಮಾ ಬರಲಿಲ್ಲ, ಇದು ಕಟ್ಟಿಮ್ಯಾಲಿನ ಲೆಕ್ಕ. ಕೊಡದ ಲೆಕ್ಕ ಯಾರೂ ಮಾಡೂದಿಲ್ಲ. ನಾವ ಮಾಡೂಣು ಬರ್ರಿ. ಎರಡು ಪಂಚಮಿ ನೆನಪು ಮಾಡ್ಕೋರಿ, ಸಾಕು.

2019ರಾಗ ಪಂಚಮಿ ಆಗಸ್ಟ್ 5ಕ್ಕ ಬಂದಿತ್ತು. ತವರಿಗೆ ಹ್ವಾದವರು ತಿರಗಿ ಬರಾಕ ಆಗಲಿಲ್ಲ. ಜೋಕಾಲಿ ಕಟ್ಟೋ ಹೊತ್ತಿನ್ಯಾಗ ವರದಾ, ತುಂಗಭದ್ರಾ, ಧರ್ಮಾ ಎಲ್ಲಾ ಹೊಳಿ ತುಂಬಿ ದಂಡಿ ಊರೊಳಗ ಹೊಕ್ಕವು. ಗಳಗನಾಥದಾಗ ವರದಾ ಹೋಗಿ ತುಂಗಭದ್ರಾ ಕೂಡೋದು ನಿಮಗ ಗೊತ್ತೈತಿ. ಮುಂದಿನ ಹೊಳಿ ತುಂಬಿ ನಿಂತಾಗ ಹಿಂದಿನ ಹೊಳಿ ನೀರು ಸರಿಯಾಗಿ ಹೋಗಾಕ ಜಾಗ ಸಿಗೂದಿಲ್ಲ. ಮಣ್ಣಿನ ಗ್ವಾಡಿ ಬಿದ್ದವು, ಮಾಳಿಗಿ ಕುಸದವು. ಅವನ್ನೆಲ್ಲಾ ಬಂದು ಫೋಟೋ ತಗದು ಬರಕೊಂಡು ಹ್ವಾದ್ರು. ಆದ್ರ ಸುತ್ತೂ ಕಡೆ ನೀರಿದ್ದೂ ಕುಡಿಯಾಕ ನೀರಿಲ್ಲದ್ದನ್ನ ಯಾವ ಫಾರ್ಮಿನ್ಯಾಗೂ ಬರಕೊಳ್ಳಲಿಲ್ಲ. ಸೇದೋ ಬಾವ್ಯಾಗ ಹೊಳಿ ನೀರು, ಬೋರಿನ ಬಾಯಿಮ್ಯಾಲೆ ಹೊಳಿ ನೀರು, ಕಕ್ಕಸಿನ ಗುಂಡ್ಯಾಗೂ ಅದ ನೀರು. ಮೂರೂ ಕೂಡಿದಮ್ಯಾಲೆ ಹೊಳಿ ಇಳದು ಹ್ವಾದ್ರೂ ಬಾವಿ ತಾನ ಶುದ್ಧ ಆಗತೈತೇನು?

2023ರಾಗ ಅಧಿಕ ಶ್ರಾವಣ ಬಂದು ಪಂಚಮಿ ಆಗಸ್ಟ್ 21ಕ್ಕ ಹೋತು. ಅಳ್ಳಿಟ್ಟು, ಉಂಡಿ ಎಲ್ಲಾ ಕಟ್ಟಿದ್ವಿ, ಮಳಿ ಮಾತ್ರ ಇಲ್ಲ. 1901ರಿಂದ ಲೆಕ್ಕ ಇಡಾಕತ್ತಾಗಿಂದ ನಮ್ಮ ದೇಶದಾಗ ಅಷ್ಟು ಒಣಾ ಆಗಸ್ಟ್ ಬಂದಿದ್ದಿಲ್ಲಂತ ಹವಾಮಾನ ಇಲಾಖೆಯವರ ಹೇಳ್ಯಾರ. ಆ ವರ್ಷ ರಾಜ್ಯದ 236 ತಾಲ್ಲೂಕಿನ್ಯಾಗ 223 ಬರಗಾಲ ಅಂತ ಸಾರಿದ್ರು. ಮುಂದಿನ ಬೇಸಿಗ್ಯಾಗ ಬೆಂಗಳೂರಿನ ದೊಡ್ಡ ದೊಡ್ಡ ಬಿಲ್ಡಿಂಗಿನವರೂ ಟ್ಯಾಂಕರಿನ ದಾರಿ ಕಾಯೋಹಂಗ ಆತು.

ಅದ ತಿಂಗಳು, ನಡುವ ನಾಕ ವರ್ಷ. ಒಮ್ಮೆ ಮುಳುಗಿಸಿತು, ಒಮ್ಮೆ ಒಣಗಿಸಿತು. ನಮಗ ಎರಡೂ ಬ್ಯಾರೆ ಬ್ಯಾರೆ ಕಷ್ಟ ಅನಸ್ತಾವ. ಆದ್ರ ಕೊಡದ ಕಡೆಯಿಂದ ನೋಡ್ರಿ. ನೆರಿ ಬಂದ್ರ ಮ್ಯಾಲಿನ ಹೊಲಸು ಕೆಳಗ ಇಳದು ನೀರು ಕೆಡತೈತಿ. ಬರ ಬಿದ್ರ ಮ್ಯಾಲಿನ ನೀರು ಮುಗದು ಬೋರು ಆಳಕ್ಕ ಹೋಗತೈತಿ, ಅಲ್ಲಿ ಕಲ್ಲಿನ ಸಂದಿನ್ಯಾಗ ಎಷ್ಟೋ ವರ್ಷ ನಿಂತ ನೀರು ಕಲ್ಲಿನ ಉಪ್ಪು, ಎಷ್ಟೋ ಕಡೆ ಫ್ಲೋರೈಡನ್ನೂ ಕರಗಿಸ್ಕೊಂಡಿರತೈತಿ. ಎರಡರಾಗೂ ಮೊದಲು ಕೆಡೋದು ನೀರಿನ ಗುಣ. ನಾವು ಮಾತ್ರ ನೀರು ಎಷ್ಟು ಬಂತು, ಎಷ್ಟು ದಿನಕ್ಕ ಬಂತು ಅಂತ ಎಣಸ್ತೇವಿ. ಎಂಥಾದ್ದು ಬಂತು ಅಂತ ಕೇಳೂದಿಲ್ಲ.

“ಅದಕ್ಕ ಅಲ್ಲೇನು ಫಿಲ್ಟರ್ ನೀರು ಇರೋದು?” ಅಂತೀರಿ. ಅಲ್ಲಿಗೆ ಬಂದೆ.

ಮೊದಲು ಒಳ್ಳೇ ಮಾತು ಹೇಳ್ತೇನಿ. ಫ್ಲೋರೈಡ್ ಇರೋ ಊರಾಗ ಅದು ಬೇಕ ಬೇಕು. ಕುಡಿಯೋ ನೀರು ಒಂದು ಲೀಟರಿನ್ಯಾಗ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನಕ ಐತಿ. ನೈಟ್ರೇಟ್ ಆದ್ರ 45. ಅಲ್ಲಿ ಕುದಿಸಿದ್ರ ಉಪಯೋಗ ಇಲ್ಲ, ಕುದಿಸಿದಷ್ಟೂ ನೀರು ಆರಿ ಉಪ್ಪು ಗಟ್ಟಿ ಆಗತೈತಿ ಅಷ್ಟ. ಆ ಮಶೀನಿನ ಪದರ ಅವನ್ನ ಬಹಳಷ್ಟು ತಡೀತೈತಿ. ಇದಕ್ಕ ನಾನು ಇಲ್ಲ ಅನ್ನೂದಿಲ್ಲ.

ಆದ್ರ ಮಶೀನು ನೀರು ಹುಟ್ಟಸೂದಿಲ್ರಿ. ಬಹಳ ಊರಾಗ ಅದೂ ಬೋರಿನ ನೀರನ್ನ ಕುಡೀತೈತಿ. ಬೋರು ಬತ್ತಿದ ದಿನ ಅದೂ ಬತ್ತತೈತಿ. ಕರೆಂಟ್ ಹ್ವಾದ ದಿನ ಅದೂ ಹೋಗತೈತಿ, ಮತ್ತ ಕರೆಂಟ್ ಹೋಗೋದು ಯಾವಾಗ? ಗಾಳಿ ಮಳಿ ಬಂದಾಗ, ಅಂದ್ರ ನಳದ ನೀರೂ ಕೆಡೋ ಹೊತ್ತಿನ್ಯಾಗ. ನಮಗ ಗಟ್ಟಿ ಬೇಕಾದ ದಿನ ಅದು ಕೈ ಕೊಡತೈತಿ. ಇನ್ನೊಂದು, ಒಳಗ ಹ್ವಾದ ನೀರೆಲ್ಲಾ ಕ್ಯಾನಿಗೆ ಬರೂದಿಲ್ಲ. ಉಪ್ಪು ತುಂಬಿದ ಒಂದು ಪಾಲು ಹಿಂದಿನ ಪೈಪಿನಿಂದ ಹೊರಗ ಹೋಗತೈತಿ. ಘಟಕದ ಹಿಂದ ಹೋಗಿ ಒಮ್ಮೆ ನೋಡ್ರಿ, ಗಟಾರಕ್ಕ ಎಷ್ಟು ಹರೀತೈತಿ ಅಂತ. ಬರಗಾಲದಾಗ ಬೋರಿನಿಂದ ಎತ್ತಿದ ನೀರು ಅದು.

ಇನ್ನ ನಮ್ಮ ಮನಿ ಕಥಿ. ಆ ನೀರಾಗ ಹುಳ ಕೊಲ್ಲೋ ಔಷಧ ಉಳದಿರೂದಿಲ್ಲ. ಅದಕ್ಕ ನಾವು ಏನು ಮಾಡ್ತೇವಿ? ಪಾಚಿ ಹಿಡದ ಕ್ಯಾನಿನ್ಯಾಗ ತುಂಬಿ, ಮೂರು ದಿನ ಇಟ್ಟು, ಬೆರಳು ಮುಳುಗೋಹಂಗ ಚರಗಿ ಅದ್ದಿ ಕುಡೀತೇವಿ. ಕ್ಯಾನಿನ ಒಳಗ ಕೈ ಹೋಗೂದಿಲ್ಲಂತ ಹೊರಗಷ್ಟ ತಿಕ್ಕತೇವಿ. ನಮ್ಮ ಅತ್ತಿಯವರು ದಿನಾ ಬೆಳಿಗ್ಗೆ ತಾಮ್ರದ ಕೊಡಕ್ಕ ಹುಣಸಿಹಣ್ಣು ಹಚ್ಚಿ ಬೆಳಗಿ, ಹಳೇ ನೀರು ಚೆಲ್ಲಿ, ಹೊಸಾ ನೀರು ತುಂಬತಿದ್ರು. ಆ ಮಡಿ ನಮಗ ಹಳೇ ಕಾಲದ್ದು ಅನಸ್ತು. ಐದು ರೂಪಾಯಿ ಕೊಟ್ಟಮ್ಯಾಲೆ ತೊಳಿಯೋದ್ಯಾಕ ಅನಸ್ತು.

ಇವೆಲ್ಲಕ್ಕಿಂತ ನನಗ ಹೆಚ್ಚು ಸಿಟ್ಟು ಬರೋದು ಬ್ಯಾರೆ ಸಂಗತಿಗೆ. ಮೊದಲು ಊರಿಗೊಂದ ನೀರು ಇತ್ತು. ಕೆಟ್ರ ಎಲ್ಲಾರಿಗೂ ಕೆಡತಿತ್ತು, ಎಲ್ಲಾರೂ ಬಾಯಿ ಮಾಡತಿದ್ರು. ಈಗ ಗಾಡಿ ಇದ್ದವರು ಮಗನ್ನ ಗಾಡಿಮ್ಯಾಲೆ ಕಳಿಸಿ ಕ್ಯಾನು ತರಸ್ತಾರ. ರೊಕ್ಕ ಇದ್ದವರು ಅಡಗಿಮನ್ಯಾಗ ಸ್ವಂತ ಫಿಲ್ಟರ್ ಹಾಕ್ಸ್ಯಾರ. ನಳದ ನೀರು ಹೆಂಗಿದ್ರೂ ಅವರಿಗೆ ಬಟ್ಟಿ ಒಗಿಯಾಕ, ಭಾಂಡೆ ತಿಕ್ಕಾಕ ಸಾಕು. ಅದಕ್ಕ ಯಾರೂ ಕೇಳೂದಿಲ್ಲ. ಹಂಗಾರ ನಳದ ನೀರು ಕುಡಿಯೋರು ಯಾರು ಉಳದಾರ? ಮಕ್ಕಳು ಹೊರಗ ದುಡಿಯಾಕ ಹೋಗಿ ಒಬ್ಬಾಕಿನ ಇರೋ ಮುದುಕಿ, 20 ಲೀಟರ್ ಕ್ಯಾನು ಆಕೀಗೆ ಎತ್ತಾಕ ಆಗೂದಿಲ್ಲ. ಕೂಲಿಗೆ ಮುಂಜಾನಿ ಹೋಗಿ ಸಂಜಿಕಿ ಬರೋ ತಾಯಿ, ಘಟಕ ತಗಿಯೋ ಹೊತ್ತಿಗೆ ಆಕಿ ಹೊಲದಾಗ ಇರ್ತಾಳ. ಆಕೀ ಸಣ್ಣ ಮಕ್ಕಳು. ಉಳಕೊಂಡವರ ಪರವಾಗಿ ಬಾಯಿ ಮಾಡೋರು ಇಲ್ಲ, ಯಾಕಂದ್ರ ಬಾಯಿ ಇದ್ದವರೆಲ್ಲಾ ಕ್ಯಾನು ಹಿಡದು ಬ್ಯಾರೆ ಸಾಲಿನ್ಯಾಗ ನಿಂತೇವಿ. ನಾನೂ ಆ ಸಾಲಿನ್ಯಾಗ ನಿಂತಾಕೀನ.

“ಕೆರೆಗೆ ಹಾರ” ಹಾಡು ನಾವೆಲ್ಲಾ ಸಾಲ್ಯಾಗ ಕಲ್ತೇವಿ. ಮಲ್ಲನಗೌಡ ಕೆರಿ ಕಟ್ಟಸ್ತಾನ, ಹನಿ ನೀರು ಬರೂದಿಲ್ಲ. ಹೊತ್ತಿಗಿ ತಗಿಸಿ ನೋಡಿ, ಕಿರೀ ಸೊಸಿ ಭಾಗೀರತಿನ್ನ ಆಹಾರ ಕೊಡೂದು ಅಂತ ಮನ್ಯಾಗ ಮಾತಾಗತೈತಿ. ಆಕೀನ್ನ ಯಾರೂ ಕೇಳೂದಿಲ್ಲ. ಆಕಿ ತವರಿಗೆ ಹೋಗಿ ಬರ್ತಾಳ, ಗೆಳತಿಗೆ ಹೇಳಿಕೊಂತಾಳ, ಅತ್ತು ತಿರಗಿ ಬಂದು ಕೆರಿಗೆ ಇಳೀತಾಳ. ಸಣ್ಣಾಕಿದ್ದಾಗ ಅದನ್ನ ಕೇಳಿ ತ್ಯಾಗ ಅಂತ ಕಣ್ಣೀರು ಹಾಕತಿದ್ದೆ. ಈಗ ನನಗ ಅನಸೋದು ಒಂದ. ಕೆರಿ ಎಲ್ಲಿ ಕಟ್ಟಬೇಕು, ಯಾಕ ನೀರು ಬರವಲ್ದು ಅಂತ ಮಾತಾಡೋ ಹೊತ್ತಿನ್ಯಾಗ ಆಕೀನ್ನ ಕರೀಲಿಲ್ಲ, ಪ್ರಾಣ ಕೊಡೋ ಹೊತ್ತಿನ್ಯಾಗ ಕರದ್ರು. ಇವತ್ತೂ ಬೋರು ಎಲ್ಲಿ ಕೊರೀಬೇಕು, ಪೈಪು ಗಟಾರದ ಯಾವ ಬಾಜೂಕ ಹಾಕಬೇಕು ಅಂತ ಗಂಡಸರು ಮಾತಾಡ್ತಾರ. ಹುಡುಗನ್ನ ಕಂಕುಳಾಗ ಹಾಕ್ಕೊಂಡು ದವಾಖಾನಿಗೆ ಓಡೋ ಹೊತ್ತಿನ್ಯಾಗ ನಮ್ಮನ್ನ ಕರೀತಾರ.

ನೀವು ಕೇಳ್ತೀರಿ, “ನಮ್ಮ ಕೈಯಾಗ ಏನೈತವ್ವಾ? ನಾವು ಓದಿದ್ದು ಎಷ್ಟು?” ನಾನೂ ಪಿಯುಸಿ ಓದಿದಾಕಿ, ವಿಜ್ಞಾನ ಅಲ್ಲ, ಕಲಾ ವಿಭಾಗ. ಆದ್ರ ನಾರುಹುಣ್ಣು ನೆನಪೈತೇನ್ರಿ? ಐವತ್ತು ದಾಟಿದವರಿಗೆ ಹೆಸರಾದ್ರೂ ನೆನಪಿರತೈತಿ. ಕಾಲಾಗ ಗುಳ್ಳಿ ಎದ್ದು, ಒಡದು, ಅದರೊಳಗಿಂದ ದಾರದಂಥ ಉದ್ದನ ಹುಳ ಹೊರಗ ಬರತಿತ್ತು. ಕಡ್ಡಿಗೆ ಸುತ್ತಿ ದಿನಾ ಚೂರುಚೂರು ಎಳೀತಿದ್ರು. ಪಾವಟಿಗಿ ಇಳದು ಕೊಡ ತುಂಬೋ ಬಾವಿ ಇದ್ದ ಊರಾಗ ಅದು ಹೆಚ್ಚು. ಹುಣ್ಣು ಇದ್ದವರು ಬಾವ್ಯಾಗ ಕಾಲು ಇಟ್ರ ಮರಿ ನೀರಿಗೆ ಬೀಳತಿದ್ವು, ಕಣ್ಣಿಗೆ ಕಾಣೋದ ಕಷ್ಟ ಅಂಥಾ ಸಣ್ಣ ನೀರಹುಳದ ಹೊಟ್ಟಿ ಸೇರತಿದ್ವು, ಆ ನೀರು ಕುಡದವರಿಗೆ ವರ್ಷ ತುಂಬೂದರಾಗ ಹುಣ್ಣು. ಪಾಪದ ಫಲ, ಕಾಲದ ಫಲ ಅಂತಿದ್ರು ಮಂದಿ. ನಮ್ಮ ರಾಜ್ಯದಾಗೂ ಇತ್ತು. ಅದಕ್ಕ ಲಸಿಕಿ ಇಲ್ಲ, ಗುಳಿಗಿ ಇಲ್ಲ. ಹೋಗಿದ್ದು ಹೆಂಗ? ನೀರನ್ನ ಒತ್ತು ಅರಿವೀಲೆ ಸೋಸಿ ಕುಡದಿದ್ದಕ್ಕ, ಇಳಿಯೋ ಬಾವಿ ಮುಚ್ಚಿ ಸೇದೋ ಬಾವಿ, ಬೋರು ಮಾಡಿದ್ದಕ್ಕ, ಹುಣ್ಣಿದ್ದವರನ್ನ ನೀರಿಗೆ ಇಳೀಗೊಡದ್ದಕ್ಕ. 2000ನೇ ಇಸವ್ಯಾಗ ವಿಶ್ವ ಆರೋಗ್ಯ ಸಂಸ್ಥೆಯವರು ಭಾರತದಾಗ ನಾರುಹುಣ್ಣು ಇಲ್ಲಂತ ಪ್ರಮಾಣ ಪತ್ರ ಕೊಟ್ರು. ಕೊಡದ ಬಾಯಿಗೆ ಅರಿವಿ ಕಟ್ಟಿದವರು ಯಾರ್ರಿ? ಸಾಲಿ ಕಟ್ಟಿ ಹತ್ತದ ನಮ್ಮ ಅವ್ವಗೋಳು, ಅಜ್ಜಿಗೋಳು. ಕಣ್ಣಿಗೆ ಕಾಣದ ಹುಳ ಐತಿ ಅಂತ ಒಮ್ಮೆ ತಿಳದಮ್ಯಾಲೆ ಕಾಲದ ಫಲ ಅನ್ನೋದು ಬಿಟ್ರು.

ಈಗಿನ ಕೆಲಸ ಅದಕ್ಕಿಂತ ಹಗರ ಐತಿ. 2019ರಾಗ ಜಲ ಜೀವನ ಮಿಷನ್ ಬಂತು, ನಮ್ಮ ಕಡೆ ‘ಮನೆ ಮನೆಗೆ ಗಂಗೆ’ ಅಂತ ನಳ ಹಾಕಿದ್ರು. ಒಬ್ಬೊಬ್ಬರಿಗೆ ದಿನಕ್ಕ 55 ಲೀಟರ್ ಅಂತ ಲೆಕ್ಕ. ಎಲ್ಲಾರೂ ನಳದ ಮಾತಷ್ಟ ಕೇಳಿದ್ರಿ. ಅದರಾಗ ಇನ್ನೂ ಎರಡು ಮಾತು ಬರದಾರ, ಅವು ನಮ್ಮವು. ಒಂದು, ಪ್ರತಿ ಊರಾಗ ಐದು ಮಂದಿ ಹೆಣಮಕ್ಕಳಿಗೆ ನೀರು ಪರೀಕ್ಷಾ ಮಾಡೋದು ಕಲಸಬೇಕು, ಪರೀಕ್ಷಾ ಮಾಡೋ ಪೆಟಗಿ ಕೊಡಬೇಕು. ಇನ್ನೊಂದು, ಊರ ನೀರಿನ ಸಮಿತ್ಯಾಗ ಅರ್ಧ ಮಂದಿ ಹೆಣಮಕ್ಕಳು ಇರಬೇಕು. ನಿಮ್ಮ ಊರಾಗ ಆ ಐದು ಮಂದಿ ಯಾರು ಅಂತ ಕೇಳ್ರಿ. ಹೆಸರು ಬರೀ ಕಾಗದದಾಗ ಇದ್ರ ನಿಮ್ಮ ಹೆಸರು ಕೊಡ್ರಿ.

ಪರೀಕ್ಷಾ ಅಂದ್ರ ಅಂಜಬ್ಯಾಡ್ರಿ, ಮಸರು ಹೆಪ್ಪು ಹಾಕೋಕಿಂತ ಸಸಾರ ಐತಿ. ಸಣ್ಣ ಬಾಟ್ಲಿ ಇರತೈತಿ, ಒಳಗ ಔಷಧ ಇರತೈತಿ. ಕೈ ತೊಳಕೊಂಡು ಗೆರಿ ತನಕ ನೀರು ಹಾಕಿ, ಮುಚ್ಚಿ, ಬೆಚ್ಚನ ಜಾಗದಾಗ ಒಂದೆರಡು ದಿನ ಇಡಬೇಕು. ಕರ್ರಗಾದ್ರ ಹೊಟ್ಟಿ ಹೊಲಸು ಕೂಡೇತಿ ಅಂತ ಅರ್ಥ. ಫ್ಲೋರೈಡು, ನೈಟ್ರೇಟಿಗೆ ಹನಿ ಹಾಕಿ ಬಣ್ಣ ನೋಡೋದು, ಬಣ್ಣದ ಚೀಟಿ ಸಂಗಾಟ ಹೊಂದಿಸಿ ನೋಡಿದ್ರ ಆತು. ಸೀರಿಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡೋ ನಮಗ ಇದೇನು ದೊಡ್ಡದು? ಮಳಿಗಿಂತ ಮೊದಲು ಒಮ್ಮೆ, ಮಳಿ ಸುರು ಆದಮ್ಯಾಲೆ ಒಮ್ಮೆ. ನೆರಿ ಬಂದ್ರ, ಬೋರು ಇಳದ್ರ, ಟ್ಯಾಂಕರ್ ಬಂದ್ರ ಮತ್ತೊಮ್ಮೆ.

ಮನ್ಯಾಗ ಮಾಡೋದನ್ನೂ ಹೇಳಿಬಿಡ್ತೇನಿ. ಮೊದಲ ಮಳಿ ಬಿದ್ದಾಗಿಂದ ಹದಿನೈದು ದಿನ, ಎಷ್ಟು ತಿಳಿ ಇದ್ರೂ ಕುಡಿಯೋ ನೀರು ಕುದಿಸ್ರಿ. ಕೊತಕೊತ ಅಂತ ಗುಳ್ಳಿ ಎದ್ದು ಒಂದು ನಿಮಿಷ ಕುದ್ದರ ಸಾಕು, ಮುಚ್ಚಿ ಆರಿಸ್ರಿ. ಫಿಲ್ಟರ್ ನೀರು ದಿನದ್ದು ದಿನ ತರ್ರಿ, ಕ್ಯಾನಿನ ಒಳಗ ಬಿಸಿನೀರು, ಉಪ್ಪು, ಸ್ವಲ್ಪ ಅಕ್ಕಿ ಹಾಕಿ ಗಲಗಲ ಅಲುಗಾಡಿಸಿ ತೊಳೀರಿ. ಚರಗಿ ಅದ್ದೋದು ಬಿಟ್ಟು ಉದ್ದ ಹಿಡಿಕಿ ಸವಟು ಇಡ್ರಿ, ಇಲ್ಲಾ ತಳಕ್ಕ ನಳ ಇರೋ ಪಾತ್ರಿ ತಗೋರಿ. ಬೋರು, ಬಾವಿ ಬಾಜೂಕ ತಿಪ್ಪಿ ಹಾಕಬ್ಯಾಡ್ರಿ.

ಮತ್ತ ಮಾಳಿಗಿ ನೀರು ಮರೀಬ್ಯಾಡ್ರಿ. ನಮ್ಮ ಅತ್ತಿಯವರು ಮಘಾ ಮಳಿ ನೀರು ಹಿಡದು ಹರವ್ಯಾಗ ಇಡತಿದ್ರು, ಅದು ಕೆಡೂದಿಲ್ಲಂತ. ಮೂಢನಂಬಿಕಿ ಅಂತ ನಾನು ನಗತಿದ್ದೆ. ಈಗ ವಿಚಾರ ಮಾಡಿದ್ರ ಅರ್ಥ ಐತಿ. ಮಘಾ ಬರೂದರಾಗ ಎರಡು ತಿಂಗಳ ಮಳಿಗೆ ಮಾಳಿಗಿ ತೊಳದು ಸ್ವಚ್ಛ ಆಗಿರತೈತಿ. ಆದ್ರೂ ಕುಡಿಯೂದಿದ್ರ ಸೋಸಿ ಕುದಿಸ್ರಿ. ಲೆಕ್ಕಾನೂ ಹೇಳ್ತೇನಿ. 30–40ರ ಸೈಟಿನ್ಯಾಗ ತುಂಬ ಆರ್‌ಸಿಸಿ ಹಾಕಿದ ಮನಿಮ್ಯಾಲೆ ಒಂದು ಸೆಂಟಿಮೀಟರ್ ಮಳಿ ಬಿದ್ರ ಸಾವಿರದ ನೂರು ಲೀಟರ್ ನೀರು, ಅಂದ್ರ 55 ಕ್ಯಾನು. ಐದು ರೂಪಾಯಿ ಹಂಗ ಹಿಡದ್ರ 275 ರೂಪಾಯಿ. ಒಂದು ಸಂಜಿ ಮಳಿಗೆ ಇಷ್ಟು ನಮ್ಮ ಗಟಾರಕ್ಕ ಹರದು ಹೋಗತೈತಿ. ಮರುದಿನ ಮುಂಜಾನಿ ನಾವು ಕ್ಯಾನು ಹಿಡಕೊಂಡು ಸಾಲಿನ್ಯಾಗ ನಿಂದರ್ತೇವಿ.

“ಗ್ರಾಮಸಭಾಕ್ಕ ಹೋದ್ರ ಗಂಡಸರು ಏನಂತಾರ?” ಅಂತ ಕೆಲವರು ಕೇಳ್ಯಾರ. ಏನಾರ ಅನ್ಲಿ. ಸಂಘದ ಸಾಲಕ್ಕ ಬ್ಯಾಂಕಿಗೆ ಹೋದಾಗ ಏನೂ ಅನ್ನಲಿಲ್ಲ, ಈಗ್ಯಾಕ ಅಂತಾರ? ಹತ್ತು ಮಂದಿ ಕೂಡಿ ಹೋಗ್ರಿ, ಒಬ್ಬಾಕಿ ಹೋಗಬ್ಯಾಡ್ರಿ. ಜಗಳಾ ಮಾಡೋದು ಬ್ಯಾಡ. ನಾಕ ಪ್ರಶ್ನೆ ಬರಕೊಂಡು ಹೋಗ್ರಿ. ಈ ವರ್ಷ ನಮ್ಮ ನೀರು ಯಾವಾಗ ಪರೀಕ್ಷಾ ಮಾಡೀರಿ? ಅದರಾಗ ಏನು ಬಂತು, ಗ್ವಾಡಿಮ್ಯಾಲೆ ಎಲ್ಲಾರಿಗೂ ಕಾಣೋಹಂಗ ಹಚ್ಚೀರೇನು? ಟ್ಯಾಂಕಿ ಯಾವಾಗ ತೊಳದೀರಿ? ಗಟಾರ ದಾಟೋ ಪೈಪು ಎಲ್ಲೆಲ್ಲಿ ಅದಾವ? ಈ ನಾಕು ಪ್ರಶ್ನೆ ಹತ್ತು ಮಂದಿ ಬಾಯಿಂದ ಎರಡು ಸಲ ಬಂದ್ರ ಮೂರನೇ ಸಲ ಉತ್ತರ ತಯಾರ ಇರತೈತಿ.

ಕುಬಸದ ಮನ್ಯಾಗ ಮಾತಾಡಿದ ಅಕ್ಕಾ ಇದನ್ನ ಓದ್ತಾಳ, ನನಗ ಗೊತ್ತೈತಿ. ಅಕ್ಕಾ, ನಿನ್ನ ಮ್ಯಾಲೆ ಸಿಟ್ಟಿಲ್ಲ. ಕುಬಸ ಮಾಡಿಸ್ಕೊಂಡ ಆ ಹುಡುಗಿಗೆ ದಿನ ತುಂಬೋದು ಮಿರಗದ ಮಳಿ ಹೊತ್ತಿಗೆ. ಹಸಿ ಬಾಣಂತಿ, ಹಸುಗೂಸು, ಹೊಸಾ ಮಳಿ ಮೂರೂ ಕೂಡೇ ಬರ್ತಾವ. ನಾವು ಆಕೀಗೆ ಹಸರು ಸೀರಿ, ಹಸರು ಬಳಿ ಎಲ್ಲಾ ಕೊಟ್ವಿ. ಆಕಿ ಕುಡಿಯೋ ನೀರು ಎಂಥಾದ್ದು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ವಾರ ಆ ಬಾಟ್ಲಿ ತಗೊಂಡು ನಿಮ್ಮ ಮನಿಗೆ ನಾನ ಬರ್ತೇನಿ. ನಳದ್ದು ಒಂದು, ಕ್ಯಾನಿಂದು ಒಂದು, ಎರಡೂ ತುಂಬಿ ಇಡೂಣು. ಎರಡು ದಿನ ಬಿಟ್ಟು ನೋಡಿ, ಆಮ್ಯಾಲೆ ವಾದ ಮಾಡೂಣು. ಚಹಾ ಮಾತ್ರ ಮಾಡಿ ಇಡು, ನೀರು ಚಂದಗೆ ಕುದಿಸಿ.